ಬಾಡದ ಹೂಗಳ ರೇಚಲ್ ರಾಯ್ಶ್

ಆಮ್‌ಸ್ಟರ್‌ಡಾಂ ನಗರದ ರೈಕ್ಸ್ ಮ್ಯೂಸಿಯಂನಲ್ಲಿ ಉದ್ದನೆಯ ಹಜಾರವೊಂದಿದೆ. 'ಗೌರವ ಸಭಾಂಗಣ' ಎಂದೇ ಅದರ ಹೆಸರು. ಹಜಾರದ ತುದಿಯಲ್ಲಿ ರೆಂಬ್ರಾಂಟನ ಜಗತ್ಪ್ರಸಿದ್ಧ 'ನೈಟ್ ವಾಚ್' ಚಿತ್ರವಿದೆ. ಅಲ್ಲಿಗೆ ತಲುಪುವವರೆಗೆ ಎರಡೂ ಬದಿಯ ಗೋಡೆಗಳ ಮೇಲೆ ವರ್ಮೀರ್, ಫ್ರಾನ್ಸ್ ಹಾಲ್ಸ್, ಯಾನ್ ಸ್ಟೇನ್ ಮೊದಲಾದ 17ನೇ ಶತಮಾನದ ಡಚ್ ಕಲಾವಿದರ ಚಿತ್ರಗಳು. ಈ ಕಟ್ಟಡ ಬಾಗಿಲು ತೆರೆದದ್ದು 1885ರಲ್ಲಿ. ಅಲ್ಲಿಂದ 135 ವರ್ಷ ಕಳೆದರೂ ಆ ಗೋಡೆಗಳ ಮೇಲೆ ಹೆಣ್ಣೊಬ್ಬಳು ಬಿಡಿಸಿದ ಒಂದೇ ಒಂದು ಚಿತ್ರಕ್ಕೂ ಜಾಗ ಸಿಕ್ಕಿರಲಿಲ್ಲ. 2021ರ ಮಾರ್ಚ್ 8ರಂದು, ಅಂತಾರಾಷ್ಟ್ರೀಯ ಮಹಿಳಾ ದಿನದ ನೆಪದಲ್ಲಿ, ಮೊದಲ ಬಾರಿಗೆ ಮೂವರು ಕಲಾವಿದೆಯರ ಚಿತ್ರಗಳು ಅಲ್ಲಿ ತೂಗಿದವು.

ಮೂವರಲ್ಲಿ ಒಬ್ಬಾಕೆ ಯೂಡಿತ್ ಲೈಸ್ಟರ್, ಇನ್ನೊಬ್ಬಾಕೆ ಹೆಸಿನಾ ಟೆರ್ ಬೋರ್ಖ್. ಮೂರನೆಯಾಕೆ ರೇಚಲ್ ರಾಯ್ಶ್. ಆಕೆಯದು ಗಾಜಿನ ಹೂದಾನಿಯಲ್ಲಿಟ್ಟ ಹೂಗಳ ಚಿತ್ರ. ಮೂಲೆಗುಂಪಾಗಿದ್ದ ಬಡ ಕಲಾವಿದೆಯೊಬ್ಬಳನ್ನು ಕೊನೆಗೂ ಗುರುತಿಸಿದರು ಎಂದು ಯಾರಾದರೂ ಮರುಗಿದರೆ ಅದು ತಪ್ಪಾದೀತು. ಬದುಕಿದ್ದಾಗ ಈಕೆ ಯೂರೋಪಿನ ಅತಿ ದುಬಾರಿ ಚಿತ್ರಕಾರರಲ್ಲಿ ಒಬ್ಬಳು. ರಾಜರು ಆಕೆಯ ಚಿತ್ರಕ್ಕಾಗಿ ಕಾದು ಕೂರುತ್ತಿದ್ದರು. ಕವಿಗಳು ಆಕೆಯ ಮೇಲೆ ಪದ್ಯ ಕಟ್ಟುತ್ತಿದ್ದರು. ಹಾಗಿದ್ದವಳು ತನ್ನದೇ ಊರಿನ ಗೌರವದ ಗೋಡೆ ಸೇರಲು ಸತ್ತ ಮೇಲೆ 270 ವರ್ಷ ಕಾಯಬೇಕಾಯಿತು. ಅದು ಏಕೆ ಎಂದು ತಿಳಿಯಬೇಕಾದರೆ ಮೊದಲು ಆಕೆಯ ಹೂಗಳನ್ನು ನೋಡಬೇಕು.

ಯಾರೂ ಕಟ್ಟಲಾಗದ ಗುಚ್ಛ

ರೇಚಲ್ ರಾಯ್ಶ್‌ಳ ಚಿತ್ರದ ಎದುರು ನಿಂತವರಿಗೆ ಮೊದಲು ಕಾಣುವುದು ಕತ್ತಲೆ. ಹಿನ್ನೆಲೆ ಗಾಢ ಕಂದು ಅಥವಾ ಕಪ್ಪು. ಆ ಕತ್ತಲಿನಿಂದ ದೀಪ ಹಚ್ಚಿದಂತೆ ಹೂಗಳು ಹೊರಬರುತ್ತವೆ. ನಟ್ಟನಡುವೆ ನೂರು ಎಸಳಿನ ತಿಳಿಗುಲಾಬಿ, ಅದರ ಪಕ್ಕದಲ್ಲಿ ಬೆಂಕಿಯ ಬಣ್ಣದ ಗಸಗಸೆ ಹೂ, ಮೇಲೆ ಬಿಳಿ-ಕೆಂಪು ಪಟ್ಟೆಯ ಟ್ಯೂಲಿಪ್, ಅಂಚಿನಲ್ಲಿ ಬಳ್ಳಿಯಿಂದ ಜೋತುಬಿದ್ದ ನೀಲಿ ಹೂ. ಕೆಳಗೆ ಅಮೃತಶಿಲೆಯ ಕಟ್ಟೆ. ಕಟ್ಟೆಯ ಮೇಲೆ ಉದುರಿದ ಒಂದು ಎಸಳು, ಹರಿದಾಡುವ ಒಂದು ಜೀರುಂಡೆ. ಇನ್ನೂ ಹತ್ತಿರ ಹೋದರೆ ಎಲೆಯ ಮೇಲೆ ಹುಳು ಕೊರೆದ ತೂತು, ದಂಟಿನ ಮೇಲಿನ ಸಣ್ಣ ಮುಳ್ಳು, ಇರುವೆ, ಜೇನುನೊಣ. ಎಲ್ಲವೂ ಈಗಷ್ಟೇ ತೋಟದಿಂದ ಕಿತ್ತು ತಂದಂತೆ.

ಆದರೆ ಇಂಥ ಗುಚ್ಛವನ್ನು ಹಾಲೆಂಡಿನಲ್ಲಿ ಆ ಕಾಲದಲ್ಲಿ ಯಾರೂ ಕಟ್ಟಲು ಸಾಧ್ಯವಿರಲಿಲ್ಲ. ಟ್ಯೂಲಿಪ್ ಅರಳುವುದು ಏಪ್ರಿಲ್-ಮೇ ತಿಂಗಳಲ್ಲಿ. ಆ ಕಾಲದ ನೂರು ಎಸಳಿನ ಗುಲಾಬಿ ವರ್ಷಕ್ಕೊಮ್ಮೆ ಮಾತ್ರ, ಜೂನ್ ಹೊತ್ತಿಗೆ, ಬಿಡುತ್ತಿತ್ತು. ಚೆಂಡುಹೂವಿನಂಥವು ಬೇಸಿಗೆ ಮುಗಿಯುವ ಹೊತ್ತಿಗೆ. ಟ್ಯೂಲಿಪ್ ಬಾಡಿ ಬೀಳುವ ಮುನ್ನ ಚೆಂಡುಹೂವು ಮೊಗ್ಗೂ ಆಗಿರುವುದಿಲ್ಲ. ನಮ್ಮಲ್ಲಿ ಮಾವಿನ ಹೂವನ್ನೂ ಶ್ರಾವಣದ ಕೇದಗೆಯನ್ನೂ ಒಂದೇ ಹರಿವಾಣದಲ್ಲಿಟ್ಟು ತಾಜಾ ಎಂದಂತೆ. ಅಂದರೆ ಕಣ್ಣಿಗೆ ಅಷ್ಟು ನಿಜವೆಂದು ಕಾಣುವ ಈ ಗುಚ್ಛ ಇದ್ದದ್ದು ಕ್ಯಾನ್‌ವಾಸಿನ ಮೇಲೆ ಮಾತ್ರ. ಒಂದೊಂದು ಹೂವನ್ನೂ ಅದು ಅರಳಿದಾಗ ನೋಡಿ ಅಭ್ಯಾಸ ಮಾಡಿಕೊಂಡು, ತಿಂಗಳುಗಟ್ಟಲೆ ಕೂಡಿಸಿದ್ದು.

ಈ ವಿಷಯದಲ್ಲಿ ಹೂಚಿತ್ರಕಾರರ ಹಟ ಎಷ್ಟಿತ್ತೆಂಬುದಕ್ಕೆ ರೇಚಲ್‌ಳ ಕಿರಿಯ ಸಮಕಾಲೀನ ಯಾನ್ ವಾನ್ ಹೌಸಮ್‌ನ ಪತ್ರವೊಂದು ಸಾಕ್ಷಿ. ಚಿತ್ರ ಇನ್ನೂ ಏಕೆ ಕೈಸೇರಲಿಲ್ಲ ಎಂದು ತಗಾದೆ ಮಾಡಿದ ಗಿರಾಕಿಗೆ ಅವನು 1742ರಲ್ಲಿ ಉತ್ತರ ಬರೆದ. ಹಿಂದಿನ ವರ್ಷ ಹಳದಿ ಗುಲಾಬಿ ಸಿಗಲಿಲ್ಲ, ಸಿಕ್ಕಿದ್ದರೆ ಚಿತ್ರ ಮುಗಿದಿರುತ್ತಿತ್ತು ಎಂಬುದು ಅದರ ಸಾರ. ಒಂದು ಹೂವಿಗಾಗಿ ಒಂದು ವರ್ಷ.

ಹೂವಿನ ಕಾಲುವೆ, ಹೆಣಗಳ ಮನೆ

ರೇಚಲ್ ಹುಟ್ಟಿದ್ದು 1664ರಲ್ಲಿ, ಹೇಗ್ ನಗರದಲ್ಲಿ. ತಾಯಿ ಮರಿಯಾ ಪೋಸ್ಟ್, ಪ್ರಸಿದ್ಧ ವಾಸ್ತುಶಿಲ್ಪಿ ಪೀಟರ್ ಪೋಸ್ಟ್‌ನ ಮಗಳು. ತಂದೆ ಫ್ರೆಡರಿಕ್ ರಾಯ್ಶ್. ಈತನ ಹೆಸರು ಚಿತ್ರಕಲೆಗಿಂತ ವೈದ್ಯಶಾಸ್ತ್ರದ ಪುಸ್ತಕಗಳಲ್ಲಿ ಹೆಚ್ಚು ಕಾಣುತ್ತದೆ. ರೇಚಲ್ ಇನ್ನೂ ಕೂಸಾಗಿದ್ದಾಗಲೇ ಅವನಿಗೆ ಆಮ್‌ಸ್ಟರ್‌ಡಾಮಿನ ಶಸ್ತ್ರವೈದ್ಯರ ಸಂಘದಲ್ಲಿ ಅಂಗರಚನಾಶಾಸ್ತ್ರ ಕಲಿಸುವ ಕೆಲಸ ಸಿಕ್ಕಿ ಕುಟುಂಬ ಅಲ್ಲಿಗೆ ಹೋಯಿತು. ಮನೆ ಇದ್ದದ್ದು ಬ್ಲೂಮ್‌ಗ್ರಾಖ್ಟ್ ಎಂಬ ಕಾಲುವೆಯ ದಡದಲ್ಲಿ. ಆ ಪದದ ಅರ್ಥವೇ 'ಹೂವಿನ ಕಾಲುವೆ'. ಕಾಕತಾಳೀಯವೇ ಇರಬಹುದು, ಆದರೆ ಇಷ್ಟು ಹೊಂದಿಕೆಯಾಗುವ ವಿಳಾಸ ಕಲಾವಿದರಿಗೆ ಸಿಗುವುದು ಅಪರೂಪ.

ಆ ಮನೆಯೊಳಗೆ ಇದ್ದದ್ದು ಮಾತ್ರ ಹೂಗಳಲ್ಲ. ಸತ್ತ ದೇಹದ ಅತಿ ಸೂಕ್ಷ್ಮ ರಕ್ತನಾಳಗಳಿಗೆ ಬಣ್ಣದ ಮೇಣದಂಥ ದ್ರವ ತುಂಬಿ, ದೇಹ ಕೊಳೆಯದೆ, ಬಣ್ಣಗೆಡದೆ ಉಳಿಯುವಂತೆ ಮಾಡುವ ವಿದ್ಯೆಯಲ್ಲಿ ಫ್ರೆಡರಿಕ್ ಸಿದ್ಧಹಸ್ತ. ದ್ರವದ ಗುಟ್ಟನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಗಾಜಿನ ಭರಣಿಗಳಲ್ಲಿ ಮಲಗಿದ ಶಿಶುಗಳು, ನಿದ್ರೆಯಲ್ಲಿರುವಂತೆ ಕಾಣುವ ಮುಖಗಳು, ಕೈಗೆ ಕಸೂತಿಯ ತೋಳು, ಕೊರಳಿಗೆ ಮಣಿ. ಪುಟ್ಟ ಅಸ್ಥಿಪಂಜರಗಳನ್ನು ನಿಲ್ಲಿಸಿ, ಅವುಗಳ ಸುತ್ತ ಗಿಡದಂತೆ ಕಾಣುವ ರಕ್ತನಾಳದ ಕವಲುಗಳನ್ನೂ ಬಂಡೆಯಂತೆ ಕಾಣುವ ಮೂತ್ರಕೋಶದ ಕಲ್ಲುಗಳನ್ನೂ ಜೋಡಿಸಿದ ದೃಶ್ಯಗಳು. ಇವತ್ತಿನವರಿಗೆ ಮೈ ಜುಮ್ಮೆನ್ನುವ ಈ ಸಂಗ್ರಹವನ್ನು ಆ ಕಾಲದವರು ದೂರದೂರದಿಂದ ಬಂದು ನೋಡುತ್ತಿದ್ದರು. ಈ ಅಲಂಕಾರದ ಕೆಲಸದಲ್ಲಿ ರೇಚಲ್ ತಂದೆಗೆ ನೆರವಾಗುತ್ತಿದ್ದಳು ಎಂಬ ಪ್ರತೀತಿ ಇದೆ.

1697ರಲ್ಲಿ ಹಾಲೆಂಡಿಗೆ ಬಂದ ರಷ್ಯದ ದೊರೆ ಪೀಟರ್ ಈ ಸಂಗ್ರಹ ನೋಡಿ ಮರುಳಾದ. ಒಂದು ಶಿಶುವಿನ ಹಣೆಗೆ ಮುತ್ತಿಟ್ಟ ಎಂಬ ಕಥೆಯೂ ಇದೆ. ಇಪ್ಪತ್ತು ವರ್ಷದ ನಂತರ, 1717ರಲ್ಲಿ, ಮತ್ತೆ ಬಂದಾಗ ಇಡೀ ಸಂಗ್ರಹವನ್ನು ದ್ರವದ ಗುಟ್ಟಿನ ಸಮೇತ 30,000 ಗಿಲ್ಡರ್‌ಗೆ ಕೊಂಡುಕೊಂಡ. ಸೇಂಟ್ ಪೀಟರ್ಸ್‌ಬರ್ಗ್‌ನ ಕುನ್ಸ್ಟ್‌ಕಾಮೆರಾ ಮ್ಯೂಸಿಯಂನಲ್ಲಿ ಅದರ ಒಂದು ಭಾಗ ಈಗಲೂ ಇದೆ. ಮಾರಿ ಮುಗಿಸಿದಾಗ ಫ್ರೆಡರಿಕ್‌ಗೆ 79 ವರ್ಷ. ಆತ ಸುಮ್ಮನೆ ಕೂರಲಿಲ್ಲ, ಹೊಸ ಸಂಗ್ರಹ ಶುರು ಮಾಡಿದ. ಈ ಕುಟುಂಬಕ್ಕೆ ನಿವೃತ್ತಿ ಎಂಬ ಪದವೇ ಗೊತ್ತಿರಲಿಲ್ಲವೇನೋ.

ಸಾವನ್ನು ತಡೆದು ನಿಲ್ಲಿಸುವುದು ತಂದೆಯ ಕಸುಬು. ಬಾಡುವುದನ್ನು ಬಾಡದಂತೆ ಹಿಡಿಯುವುದು ಮಗಳ ಕಸುಬಾಯಿತು. ವಿದ್ವಾಂಸರು ಇದನ್ನು ಹಲವು ರೀತಿಯಲ್ಲಿ ಹೇಳಿದ್ದಾರೆ. ಆದರೆ ರೇಚಲ್‌ಗೆ ತಂದೆಯಿಂದ ದಕ್ಕಿದ ಮುಖ್ಯವಾದ ಆಸ್ತಿ ಇದಕ್ಕಿಂತ ಸರಳವಾದದ್ದು. ಅವಳಿಗೆ ನೋಡಲು ಕಲಿಸಿದ ಮನೆ ಅದು. ಫ್ರೆಡರಿಕ್ 1685ರಿಂದ ಆಮ್‌ಸ್ಟರ್‌ಡಾಂ ಸಸ್ಯೋದ್ಯಾನದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನೂ ಆಗಿದ್ದ. ಒಣಗಿಸಿದ ಗಿಡ, ಸೂಜಿ ಚುಚ್ಚಿದ ಚಿಟ್ಟೆ, ಮದ್ಯದಲ್ಲಿ ಮುಳುಗಿಸಿದ ಹಲ್ಲಿ, ಇವೆಲ್ಲ ಮನೆಯ ಕಪಾಟಿನಲ್ಲೇ ಇದ್ದವು. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಒಬ್ಬ ಹುಡುಗಿಗೆ ಮನೆಯೇ ಪ್ರಯೋಗಶಾಲೆಯಾಯಿತು. ತಂಗಿ ಅನ್ನಾ ಕೂಡ ಒಳ್ಳೆಯ ಚಿತ್ರಗಾರ್ತಿ. ಆಕೆ ಬಣ್ಣದ ವ್ಯಾಪಾರಿಯೊಬ್ಬನನ್ನು ಮದುವೆಯಾದಳು, ಆಮೇಲೆ ಕುಂಚ ಕೆಳಗಿಟ್ಟಳೆಂದು ತೋರುತ್ತದೆ. ಒಂದೇ ಮನೆಯ ಇಬ್ಬರು ಅಕ್ಕತಂಗಿಯರ ದಾರಿ ಹೀಗೆ ಕವಲೊಡೆಯಿತು.

ಹೂವೇ ಏಕೆ?

1679ರಲ್ಲಿ, ಹದಿನೈದನೆಯ ವಯಸ್ಸಿಗೆ, ರೇಚಲ್‌ಳನ್ನು ವಿಲ್ಲೆಮ್ ವಾನ್ ಆಲ್ಸ್ಟ್ ಎಂಬ ಕಲಾವಿದನ ಬಳಿ ಕಲಿಯಲು ಬಿಟ್ಟರು. ಆತ ಫ್ಲಾರೆನ್ಸಿನ ಆಸ್ಥಾನದಲ್ಲಿ ಕೆಲಸ ಮಾಡಿ ಬಂದವನು, ಆಮ್‌ಸ್ಟರ್‌ಡಾಮಿನಲ್ಲಿ ಸ್ಥಿರವಸ್ತು ಚಿತ್ರಕ್ಕೆ, ಅಂದರೆ ಈಗ ಎಲ್ಲರೂ 'ಸ್ಟಿಲ್ ಲೈಫ್' ಎನ್ನುವ ಪ್ರಕಾರಕ್ಕೆ, ದೊಡ್ಡ ಹೆಸರು. ಅದಕ್ಕೂ ಹಿಂದಿನ ತಲೆಮಾರಿನ ಹೂಚಿತ್ರಗಳಲ್ಲಿ ಹೂಗಳು ಶಾಲೆಯ ಗುಂಪು ಫೋಟೋದಲ್ಲಿ ನಿಂತ ಮಕ್ಕಳಂತೆ ಒಂದನ್ನೊಂದು ಮರೆಮಾಡದೆ ನೆಟ್ಟಗೆ ನಿಂತಿರುತ್ತಿದ್ದವು. ವಾನ್ ಆಲ್ಸ್ಟ್ ಗುಚ್ಛವನ್ನು ಒಂದು ಬದಿಗೆ ವಾಲಿಸಿದ. ಹೂಗಳು ಬೆನ್ನು ತಿರುಗಿಸಿದವು, ದಂಟುಗಳು ಬಳುಕಿದವು. ರೇಚಲ್ ಈ ಬಳುಕನ್ನು ಕಲಿತು ಮುಂದೆ ಗುರುವನ್ನೇ ಮೀರಿಸಿದಳು. ಕೆಳಗಿನ ಮೂಲೆಯಿಂದ ಮೇಲಿನ ಎದುರು ಮೂಲೆಗೆ ಹಾವಿನಂತೆ ಹರಿಯುವ ಒಂದು ರೇಖೆ ಅವಳ ಗುಚ್ಛಗಳ ಬೆನ್ನೆಲುಬು. ಗುರು 1683ರಲ್ಲಿ ತೀರಿಕೊಂಡ. ಹತ್ತೊಂಬತ್ತರ ಹುಡುಗಿ ಅಷ್ಟರಲ್ಲಾಗಲೇ ತನ್ನ ಚಿತ್ರಗಳಿಗೆ ಸಹಿ ಹಾಕತೊಡಗಿದ್ದಳು.

ಹೂವನ್ನೇ ಏಕೆ ಆರಿಸಿಕೊಂಡಳು ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಒಂದು ಮಾರುಕಟ್ಟೆಯದು. ಡಚ್ಚರಿಗೆ ಹೂವೆಂದರೆ ಹುಚ್ಚು. ತುರ್ಕಿಯಿಂದ ಬಂದ ಟ್ಯೂಲಿಪ್ ಗಡ್ಡೆಗಳ ಬೆಲೆ 1630ರ ದಶಕದಲ್ಲಿ ಏರಿ ಏರಿ, 1637ರ ಫೆಬ್ರುವರಿಯಲ್ಲಿ ಒಮ್ಮೆಲೇ ನೆಲಕಚ್ಚಿದ ಕಥೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳೆಲ್ಲರಿಗೂ ಗೊತ್ತು. ಅತಿ ಹೆಚ್ಚು ಬೆಲೆ ಪಟ್ಟೆಪಟ್ಟೆಯ ಹೂವಿಗೆ. ಆ ಪಟ್ಟೆ ಯಾವಾಗ, ಯಾವ ಗಿಡದಲ್ಲಿ ಮೂಡುತ್ತದೆಂದು ತೋಟಗಾರರಿಗೆ ತಿಳಿಯುತ್ತಿರಲಿಲ್ಲ. ಅದು ಗಿಡಹೇನು ಹರಡುವ ವೈರಸ್ ರೋಗದ ಗುರುತು ಎಂಬುದು ಸ್ಪಷ್ಟವಾದದ್ದು 20ನೇ ಶತಮಾನದಲ್ಲಿ. ರೇಚಲ್ ಅಷ್ಟು ಮುತುವರ್ಜಿಯಿಂದ ಬಿಡಿಸಿದ ಬಿಳಿ-ಕೆಂಪು ಟ್ಯೂಲಿಪ್‌ಗಳು, ಹಾಗಾದರೆ, ಕಾಯಿಲೆ ಬಿದ್ದ ಹೂಗಳು! ಮಾರುಕಟ್ಟೆ ಕುಸಿದರೂ ಹೂವಿನ ಮೋಹ ಕುಸಿಯಲಿಲ್ಲ. ಸಿರಿವಂತರ ಗೋಡೆಗೆ ಹೂಚಿತ್ರ ಬೇಕೇ ಬೇಕಿತ್ತು.

ಇನ್ನೊಂದು ಉತ್ತರ ಅಷ್ಟು ಹಿತವಾದದ್ದಲ್ಲ. ಆ ಕಾಲದ ಕಲಾಶಾಸ್ತ್ರದಲ್ಲಿ ಪುರಾಣ, ಇತಿಹಾಸ, ಬೈಬಲ್ ಪ್ರಸಂಗಗಳ ದೊಡ್ಡ ಚಿತ್ರಗಳಿಗೆ ಮೊದಲ ಪಂಕ್ತಿ. ಹೂವು, ಹಣ್ಣು, ಪಾತ್ರೆಗಳ ಚಿತ್ರಕ್ಕೆ ಕೊನೆಯ ಪಂಕ್ತಿ. ಮೊದಲ ಪಂಕ್ತಿಯಲ್ಲಿ ಕೂರಬೇಕಾದರೆ ಬತ್ತಲೆ ಮನುಷ್ಯದೇಹವನ್ನು ಎದುರಿಗೆ ನಿಲ್ಲಿಸಿಕೊಂಡು ಅಭ್ಯಾಸ ಮಾಡಬೇಕು. ಅದಕ್ಕೆ ಹೆಣ್ಣುಮಕ್ಕಳಿಗೆ ಅನುಮತಿ ಇಲ್ಲ. ಹೂವಿಗೆ ಬಟ್ಟೆ ಬೇಕಿಲ್ಲವಾದ್ದರಿಂದ ಆ ಬಾಗಿಲು ತೆರೆದಿತ್ತು. ಹೆಣದ ಕೋಣೆಯಲ್ಲಿ ಬೆಳೆದ ಹುಡುಗಿಗೆ ಬದುಕಿರುವ ದೇಹ ನೋಡುವ ಹಕ್ಕು ಇರಲಿಲ್ಲ ಎಂಬುದು ವಿಚಿತ್ರವಾದರೂ ನಿಜ. ತೆರೆದಿದ್ದ ಒಂದೇ ಬಾಗಿಲಿನಲ್ಲಿ ಆಕೆ ಒಳಹೊಕ್ಕಳು.

ಹತ್ತು ಮಕ್ಕಳು, ಒಬ್ಬ ಪ್ರಭು

1693ರಲ್ಲಿ ರೇಚಲ್ ಮದುವೆಯಾದಳು. ಗಂಡ ಯೂರಿಯಾನ್ ಪೋಲ್, ಭಾವಚಿತ್ರ ಬರೆಯುವವನು. ಅವರಿಗೆ ಹತ್ತು ಮಕ್ಕಳಾದರು. ಸಾಮಾನ್ಯವಾಗಿ ಕಲಾವಿದೆಯರ ಕಥೆ ಇಲ್ಲಿಗೆ ಮುಗಿಯುತ್ತದೆ. ಹರ್ಲೆಮ್‌ನ ಯೂಡಿತ್ ಲೈಸ್ಟರ್ ಮದುವೆಯ ನಂತರ ಬಿಡಿಸಿದ ಚಿತ್ರಗಳು ಬೆರಳೆಣಿಕೆಯಷ್ಟು. ರೇಚಲ್‌ಳ ವಿಷಯದಲ್ಲಿ ಹಾಗಾಗಲಿಲ್ಲ. ಬಾಣಂತನಗಳ ನಡುವೆಯೂ ಸಹಿ ಮತ್ತು ವರ್ಷ ಹಾಕಿದ ಚಿತ್ರಗಳು ಬರುತ್ತಲೇ ಇದ್ದವು. ಆಕೆಯ ಸಂಪಾದನೆ ದೊಡ್ಡದಾಗಿತ್ತು, ಮನೆಗೆಲಸಕ್ಕೆ ಜನ ಇಡಲು ಸಾಧ್ಯವಾಗಿರಬೇಕು. ಗಂಡ ಅಡ್ಡಿ ಬರಲಿಲ್ಲ ಎಂಬುದಂತೂ ಸ್ಪಷ್ಟ. 1716ರಲ್ಲಿ ಅವನು ತಮ್ಮ ಕುಟುಂಬದ ಚಿತ್ರವೊಂದನ್ನು ಬರೆದ. ಅದರಲ್ಲಿ ಹೂಗಳೊಂದಿಗೆ ಕುಳಿತು ಎದ್ದು ಕಾಣುವವಳು ರೇಚಲ್. ಅವನು ಹಿಂದೆ.

ಚಿತ್ರವೊಂದಕ್ಕೆ ಆಕೆಗೆ 750ರಿಂದ 1,200 ಗಿಲ್ಡರ್‌ವರೆಗೆ ಸಿಗುತ್ತಿತ್ತು. ನುರಿತ ಕುಶಲಕರ್ಮಿಯೊಬ್ಬನ ಇಡೀ ವರ್ಷದ ದುಡಿಮೆ ಆಗ ಸುಮಾರು 300 ಗಿಲ್ಡರ್. ರೆಂಬ್ರಾಂಟನಿಗೆ ಚಿತ್ರವೊಂದಕ್ಕೆ 500ಕ್ಕಿಂತ ಹೆಚ್ಚು ಸಿಕ್ಕದ್ದು ಅಪರೂಪ. ಬೆಲೆಯೇ ಕಲೆಯ ಅಳತೆಗೋಲಲ್ಲ, ಕಾಲವೂ ಬೇರೆ. ಆದರೂ ಕೊನೆಯ ಪಂಕ್ತಿಯ ಪ್ರಕಾರ ಎನ್ನಿಸಿಕೊಂಡದ್ದಕ್ಕೆ ಮೊದಲ ಪಂಕ್ತಿಯ ಬೆಲೆ ಬಂದದ್ದು ಶಾಸ್ತ್ರಕ್ಕೂ ಸಂತೆಗೂ ಇರುವ ಅಂತರವನ್ನು ತೋರಿಸುತ್ತದೆ.

1701ರಲ್ಲಿ ಹೇಗ್ ನಗರದ ಕಲಾವಿದರ ಸಂಘ 'ಪಿಕ್ಚುರಾ' ಗಂಡ ಹೆಂಡತಿ ಇಬ್ಬರನ್ನೂ ಸದಸ್ಯರನ್ನಾಗಿ ಮಾಡಿಕೊಂಡಿತು. ಆ ಸಂಘದ ಮೊದಲ ಮಹಿಳಾ ಸದಸ್ಯೆ ರೇಚಲ್. 1708ರಲ್ಲಿ ಇನ್ನೂ ದೊಡ್ಡ ಕರೆ ಬಂತು. ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಿಂದ ಆಳುತ್ತಿದ್ದ ಪ್ರಭು ಯೋಹಾನ್ ವಿಲ್ಹೆಲ್ಮ್ ಆಕೆಯನ್ನು ಆಸ್ಥಾನ ಕಲಾವಿದೆಯನ್ನಾಗಿ ನೇಮಿಸಿದ. ನೇಮಕದ ಷರತ್ತು ಇವತ್ತಿನ ಉದ್ಯೋಗಸ್ಥ ತಾಯಂದಿರೂ ಅಸೂಯೆ ಪಡುವಂಥದ್ದು. ಆಸ್ಥಾನಕ್ಕೆ ಬಂದು ಇರಬೇಕಿಲ್ಲ, ಆಮ್‌ಸ್ಟರ್‌ಡಾಮಿನ ಮನೆಯಲ್ಲೇ ಕೂತು ವರ್ಷಕ್ಕೊಂದು ಚಿತ್ರ ಕಳಿಸಿದರೆ ಸಾಕು. 1711ರಲ್ಲಿ, 47ರ ವಯಸ್ಸಿನಲ್ಲಿ, ಆಕೆ ಕೊನೆಯ ಮಗುವನ್ನು ಹೆತ್ತಾಗ ಪ್ರಭುವೇ ಧರ್ಮಪಿತನಾದ. ಮಗುವಿಗೆ ಅವನ ಹೆಸರನ್ನೇ ಇಟ್ಟರು, ಯಾನ್ ವಿಲ್ಲೆಮ್.

ಅದೇ 1711ರಲ್ಲಿ ಆಕೆ ಬಿಡಿಸಿದ ಹಣ್ಣು, ಹಕ್ಕಿಯ ಗೂಡು, ಹಲ್ಲಿ, ಕೀಟಗಳ ಚಿತ್ರವೊಂದು ಫ್ಲಾರೆನ್ಸಿನ ಉಫೀಝಿ ಗ್ಯಾಲರಿಯಲ್ಲಿದೆ. ಪ್ರಭು ಅದನ್ನು ತನ್ನ ಮಾವ, ಟಸ್ಕನಿಯ ದೊರೆ ಮೂರನೆಯ ಕೋಸಿಮೋ ಮೆದಿಚಿಗೆ ಉಡುಗೊರೆಯಾಗಿ ಕೊಟ್ಟಿದ್ದ. ಬಾಣಂತಿಯೊಬ್ಬಳು ಹಾಲೆಂಡಿನಲ್ಲಿ ಬರೆದ ಚಿತ್ರ ಜರ್ಮನಿಯ ಅಳಿಯನಿಂದ ಇಟಲಿಯ ಮಾವನಿಗೆ ಹೋಯಿತು. ಪ್ರಭು 1716ರಲ್ಲಿ ತೀರಿಕೊಂಡ ಮೇಲೆ ಈ ಆಸ್ಥಾನದ ನಂಟು ಮುಗಿಯಿತು.

ಹಡಗಿನಲ್ಲಿ ಬಂದ ಗಿಡಗಳು

ರೇಚಲ್‌ಳ ನಂತರದ ಚಿತ್ರಗಳಲ್ಲಿ ಹಾಲೆಂಡಿನ ಮಣ್ಣಿನಲ್ಲಿ ತಾನಾಗಿ ಬೆಳೆಯದ ಗಿಡಗಳು ಕಾಣಿಸತೊಡಗುತ್ತವೆ. ದಕ್ಷಿಣ ಅಮೆರಿಕದ ಪ್ಯಾಷನ್ ಹೂ, ಪಾಪಾಸುಕಳ್ಳಿಯ ಜಾತಿಯವು. ಇವು ಬಂದದ್ದು ಆಮ್‌ಸ್ಟರ್‌ಡಾಮಿನ ಬಂದರಿಗೆ, ಸಾಂಬಾರ ಪದಾರ್ಥ, ಸಕ್ಕರೆ, ಗುಲಾಮರ ವ್ಯಾಪಾರ ಮಾಡುತ್ತಿದ್ದ ಕಂಪೆನಿಗಳ ಹಡಗುಗಳಲ್ಲಿ. ಅಲ್ಲಿಂದ ನಗರದ ಸಸ್ಯೋದ್ಯಾನದ ಬಿಸಿಮನೆಗೆ. ಆ ಉದ್ಯಾನದ ಪ್ರಾಧ್ಯಾಪಕ ಆಕೆಯ ತಂದೆ. ಬೇರೆ ಕಲಾವಿದರಿಗೆ ಬೇಲಿಯಾಚೆಯ ಗಿಡ, ಆಕೆಗೆ ಮನೆಯ ಹಿತ್ತಿಲಿನದಿದ್ದಂತೆ. ಸುರಿನಾಮಿಗೆ ಹೋಗಿ ಕೀಟಗಳ ಬದುಕನ್ನು ಚಿತ್ರಿಸಿ 1705ರಲ್ಲಿ ಪುಸ್ತಕ ಪ್ರಕಟಿಸಿದ ಸಾಹಸಿ ಮರಿಯಾ ಸಿಬಿಲ್ಲಾ ಮೇರಿಯನ್ ಕೂಡ ತನ್ನ ಮುನ್ನುಡಿಯಲ್ಲಿ ಫ್ರೆಡರಿಕ್ ರಾಯ್ಶ್‌ನ ಸಂಗ್ರಹವನ್ನು ನೆನೆದಿದ್ದಾಳೆ.

ಈ ಉದ್ಯಾನದ ಕಥೆಗೆ ನಮ್ಮ ಕರಾವಳಿಯ ಎಳೆಯೂ ಒಂದಿದೆ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ಬಗ್ಗೆ ಸಿದ್ಧಪಡಿಸಿದ 'ಹೊರ್ತುಸ್ ಮಲಬಾರಿಕುಸ್' ಎಂಬ 12 ಸಂಪುಟಗಳ ಗ್ರಂಥ 1678ರಿಂದ 1693ರವರೆಗೆ ಅಚ್ಚಾದದ್ದು ಆಮ್‌ಸ್ಟರ್‌ಡಾಮಿನಲ್ಲೇ. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯನೂ ಆ ಗ್ರಂಥಕ್ಕೆ ಮಾಹಿತಿ ಕೊಟ್ಟವರು. ಅದರ ಕೆಲವು ಸಂಪುಟಗಳಿಗೆ ಟಿಪ್ಪಣಿ ಬರೆದ ಯಾನ್ ಕಾಮೆಲಿನ್ ಇದೇ ಉದ್ಯಾನದ ಮೇಲ್ವಿಚಾರಕ. ಅವನು ಅರ್ಧಕ್ಕೆ ಬಿಟ್ಟು ಸತ್ತ, ಉದ್ಯಾನದ ಅಪೂರ್ವ ಗಿಡಗಳ ಬಗೆಗಿನ ಗ್ರಂಥವನ್ನು ಮುಗಿಸಿ 1697ರಲ್ಲಿ ಹೊರತಂದ ಇಬ್ಬರಲ್ಲಿ ಒಬ್ಬ ಫ್ರೆಡರಿಕ್ ರಾಯ್ಶ್.

ಬಾಬಾಬುಡನ್‌ಗಿರಿಯ ಕಾಫಿಯ ಕಥೆ ಕೇಳಿ ಬೆಳೆದವರಿಗೆ ಇನ್ನೊಂದು ಸಂಗತಿ ರುಚಿಸಬಹುದು. 1690ರ ದಶಕದಲ್ಲಿ ಡಚ್ಚರು ಮಲಬಾರ್ ಕರಾವಳಿಯಿಂದ ಕಾಫಿ ಸಸಿಗಳನ್ನು ಜಾವಾಕ್ಕೆ ಸಾಗಿಸಿದರು. ಜಾವಾದಿಂದ ಒಂದು ಗಿಡ 1706ರಲ್ಲಿ ಆಮ್‌ಸ್ಟರ್‌ಡಾಮಿನ ಈ ಉದ್ಯಾನಕ್ಕೆ ಬಂತು. ಅದರ ಸಂತಾನ ಮುಂದೆ ಪ್ಯಾರಿಸ್ ಮೂಲಕವೂ ಸುರಿನಾಮಿನ ಮೂಲಕವೂ ಅಮೆರಿಕ ಖಂಡಕ್ಕೆ ಹಬ್ಬಿತು. ಹಾಗೆಯೇ, ದಸರೆ ದೀಪಾವಳಿಗೆ ನಮ್ಮ ಬಾಗಿಲಿಗೆ ಮಾಲೆಯಾಗುವ ಚೆಂಡುಹೂವು ಮೂಲತಃ ಮೆಕ್ಸಿಕೊ ಕಡೆಯದು. ಡಚ್ ಹೂಚಿತ್ರಗಳಲ್ಲೂ ಅದು ಕಿತ್ತಳೆ ಬಣ್ಣದ ಪರದೇಶಿಯಾಗಿಯೇ ನಿಂತಿರುತ್ತದೆ. ಯಾವುದು ಯಾರ ಊರಿನ ಹೂವು ಎಂದು ಆಣೆ ಮಾಡುವ ಮುನ್ನ ಇಂಥ ಚಿತ್ರಗಳನ್ನು ನೋಡುವುದು ಒಳ್ಳೆಯದು.

ಬಣ್ಣಗಳೂ ಹಡಗು ಹತ್ತಿಯೇ ಬರುತ್ತಿದ್ದವು. ಗಾಢ ಕೆಂಪಿಗೆ ಮೆಕ್ಸಿಕೊದ ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಕೀಟವನ್ನು ಒಣಗಿಸಿ ಅರೆದ ಪುಡಿ. ದುಬಾರಿ ನೀಲಿಗೆ ಅಫ್ಘಾನಿಸ್ತಾನದ ವೈಡೂರ್ಯ ಶಿಲೆ. ಬಿಳಿ ಮಾತ್ರ ಊರಿನದೇ, ಸೀಸದಿಂದ ತೆಗೆದದ್ದು. ಡಚ್ ಹೂಚಿತ್ರಕಾರರು ಮೊದಲು ಮಂಕು ಬಣ್ಣದಲ್ಲಿ ಹೂವಿನ ಆಕಾರ ಕೂರಿಸಿ, ಒಣಗಲು ಬಿಟ್ಟು, ಅದರ ಮೇಲೆ ತೆಳುವಾದ, ಪಾರದರ್ಶಕವಾದ ಬಣ್ಣವನ್ನು ಪದರ ಪದರವಾಗಿ ಎಳೆಯುತ್ತಿದ್ದರು. ಬೆಳಕು ಆ ಪದರಗಳನ್ನು ದಾಟಿ ಹೋಗಿ ಒಳಗಿನ ಬಿಳಿಗೆ ತಾಗಿ ಮರಳುತ್ತದೆ. ಎಸಳು ಒಳಗಿನಿಂದ ಬೆಳಗಿದಂತೆ ಕಾಣುವುದು ಇದರಿಂದಲೇ. ಕಾಡಿನ ನೆಲದ ಚಿತ್ರಗಳಲ್ಲಿ ರೇಚಲ್ ಇನ್ನೊಂದು ಉಪಾಯ ಹೂಡಿದ್ದಳು. ಹಾವಸೆಯನ್ನು ಕುಂಚದಿಂದ ಬಿಡಿಸುವ ಬದಲು ನಿಜವಾದ ಹಾವಸೆಯನ್ನೇ ಬಣ್ಣದಲ್ಲಿ ಅದ್ದಿ ಕ್ಯಾನ್‌ವಾಸಿಗೆ ಒತ್ತಿದ ಗುರುತುಗಳನ್ನು ತಜ್ಞರು ಕಂಡಿದ್ದಾರೆ.

ಚಿತ್ರದ ಹೂವೂ ಬಾಡುತ್ತದೆ ಎಂಬುದು ಅಷ್ಟಾಗಿ ಪ್ರಚಾರವಿಲ್ಲದ ವಿಷಯ. ಆ ಕಾಲದ ಹಸಿರು ಹಲವು ಸಲ ನೀಲಿಯ ಮೇಲೆ ಎಳೆದ ಹಳದಿ. ಗಿಡಗಳಿಂದ ತೆಗೆದ ಆ ಹಳದಿ ಬೆಳಕಿಗೆ ತಾಳುವುದಿಲ್ಲ, ಶತಮಾನಗಳಲ್ಲಿ ಹಾರಿಹೋಗುತ್ತದೆ. ಡಚ್ ಹೂಚಿತ್ರಗಳ ಎಲೆಗಳು ಎಷ್ಟೋ ಕಡೆ ನೀಲಿಯಾಗಿ ಕಾಣುವುದು ಕಲಾವಿದರ ಕಲ್ಪನೆಯಲ್ಲ, ಹಳದಿ ಬಿಟ್ಟುಹೋದ ಗುರುತು.

ಲಾಟರಿ ಮತ್ತು ಮರೆವು

1723ರಲ್ಲಿ ಸಿನಿಮಾ ಕಥೆಯಲ್ಲಿ ನಡೆಯುವಂಥದ್ದು ನಡೆಯಿತು. ರೇಚಲ್, ಆಕೆಯ ಗಂಡ ಮತ್ತು ಮಗ ಕೂಡಿ ಕೊಂಡ ಲಾಟರಿಗೆ 75,000 ಗಿಲ್ಡರ್ ಬಹುಮಾನ ಬಂತು. ರಷ್ಯದ ದೊರೆ ಅವಳ ತಂದೆಯ ಜೀವಮಾನದ ಸಂಗ್ರಹಕ್ಕೆ ಕೊಟ್ಟದ್ದರ ಎರಡೂವರೆ ಪಟ್ಟು. ಆಕೆಯ ಅತ್ಯಂತ ದುಬಾರಿ ಚಿತ್ರದ ಬೆಲೆಯಲ್ಲಿ ಲೆಕ್ಕ ಹಾಕಿದರೆ ಅರವತ್ತಕ್ಕೂ ಹೆಚ್ಚು ಚಿತ್ರಗಳ ಹಣ. ಆಮೇಲೆ ಹೊಟ್ಟೆಪಾಡಿಗೆ ಬಿಡಿಸುವ ಅಗತ್ಯ ಉಳಿಯಲಿಲ್ಲ. ಚಿತ್ರಗಳ ಸಂಖ್ಯೆ ಇಳಿಯಿತು, ನಿಲ್ಲಲಿಲ್ಲ.

ಇದೇ 1723ರಲ್ಲಿ ಪ್ಯಾರಿಸ್‌ನಲ್ಲಿ ಇನ್ನೊಬ್ಬ ಹೂಚಿತ್ರಗಾರ್ತಿಗೆ ಬೇರೆಯದೇ ಅನುಭವವಾಯಿತು. ಮಾರ್ಗರೇಟಾ ಹಾವರ್‌ಮಾನ್, ಯಾರನ್ನೂ ತನ್ನ ಚಿತ್ರಶಾಲೆಯೊಳಗೆ ಬಿಡದ ವಾನ್ ಹೌಸಮ್ ಕೈಹಿಡಿದು ಕಲಿಸಿದ ಶಿಷ್ಯೆ. 1722ರಲ್ಲಿ ಫ್ರಾನ್ಸಿನ ರಾಜ ಅಕಾಡೆಮಿ ಆಕೆಯನ್ನು ಸೇರಿಸಿಕೊಂಡಿತು, ಮರುವರ್ಷವೇ ಹೊರಹಾಕಿತು. ಆಕೆ ಒಪ್ಪಿಸಿದ ಚಿತ್ರ ಇಷ್ಟು ಚೆನ್ನಾಗಿದೆ ಎಂದರೆ ಅದು ಗುರುವಿನದೇ ಇರಬೇಕು ಎಂಬುದು ಆಪಾದನೆ. ಹಾವರ್‌ಮಾನ್‌ಳ ಸಹಿ ಇರುವ ಎರಡೇ ಚಿತ್ರಗಳು ಈಗ ಉಳಿದಿವೆ, ಒಂದು ನ್ಯೂಯಾರ್ಕಿನಲ್ಲಿ, ಒಂದು ಕೋಪನ್‌ಹೇಗನ್‌ನಲ್ಲಿ. ರೇಚಲ್‌ಳ ಕೈಯ ಬಗ್ಗೆ ಇಂಥ ಅನುಮಾನ ಏಳಲಿಲ್ಲ. ತಂದೆಯ ಹೆಸರು, ನಗರದ ಬೆಂಬಲ, ಪ್ರಭುವಿನ ಆಶ್ರಯ ಆಕೆಯ ಬೆನ್ನಿಗಿದ್ದವು. ಪ್ರತಿಭೆಯೊಂದೇ ಸಾಲುತ್ತಿರಲಿಲ್ಲ ಎಂಬುದನ್ನು ಹಾವರ್‌ಮಾನ್‌ಳ ಕಥೆ ನೋಡಿದವರು ಒಪ್ಪಲೇಬೇಕು.

ರೇಚಲ್ 1750ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ತೀರಿಕೊಂಡಾಗ ಹನ್ನೊಂದು ಮಂದಿ ಕವಿಗಳು ಬರೆದ ಪದ್ಯಗಳ ಸಂಕಲನ ಪ್ರಕಟವಾಯಿತು. ಡಚ್ ಕಲಾವಿದರ ಚರಿತ್ರೆ ಬರೆಯುತ್ತಿದ್ದ ಯೋಹಾನ್ ವಾನ್ ಗೂಲ್ ಆಕೆ ಬದುಕಿದ್ದಾಗಲೇ ಹೋಗಿ ಮಾತನಾಡಿಸಿ ವಿವರ ಸಂಗ್ರಹಿಸಿದ್ದ. ಆದರೆ 19ನೇ ಶತಮಾನದಲ್ಲಿ ರಾಷ್ಟ್ರೀಯ ಮ್ಯೂಸಿಯಂಗಳು ಎದ್ದಾಗ ಅಳತೆಗೋಲು ಬದಲಾಯಿತು. ಡಚ್ಚರ ಸುವರ್ಣಯುಗ 17ನೇ ಶತಮಾನಕ್ಕೇ ಮುಗಿಯಿತು, 18ನೆಯದು ಇಳಿಗಾಲ ಎಂದು ಇತಿಹಾಸಕಾರರು ಗೆರೆ ಎಳೆದರು. ರೇಚಲ್‌ಳ ಬದುಕು ಆ ಗೆರೆಯ ಎರಡೂ ಬದಿಗೆ ಹಂಚಿಹೋಗಿತ್ತು. ಹೂಚಿತ್ರ ಎಂದರೆ ಹೆಂಗಸರ ಬಿಡುವಿನ ಹವ್ಯಾಸ ಎಂಬ ಭಾವನೆಯೂ ಅದೇ ಕಾಲದಲ್ಲಿ ಬೇರೂರಿತು. ಆಕೆಯನ್ನು ಯಾರೂ ಬೇಕೆಂದು ಅಳಿಸಲಿಲ್ಲ. ಚಿತ್ರಗಳು ಮ್ಯೂಸಿಯಂಗಳಲ್ಲೇ ಇದ್ದವು, ಪಕ್ಕದ ಕೋಣೆಗಳಲ್ಲಿ. ಆಕೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸ್ವತಂತ್ರ ಪುಸ್ತಕ ಬರಲು 1956ರವರೆಗೆ ಕಾಯಬೇಕಾಯಿತು.

ಮಹಾನ್ ಕಲಾವಿದೆಯರು ಏಕಿಲ್ಲ ಎಂದು ಅಮೆರಿಕದ ವಿದ್ವಾಂಸೆ ಲಿಂಡಾ ನಾಕ್ಲಿನ್ 1971ರ ಲೇಖನದಲ್ಲಿ ಕೇಳಿ, ಉತ್ತರವನ್ನು ಹೆಣ್ಣಿನ ಬುದ್ಧಿಯಲ್ಲಿ ಹುಡುಕದೆ ಶಾಲೆ, ಸಂಘ, ಅಕಾಡೆಮಿಗಳ ಬಾಗಿಲಲ್ಲಿ ಹುಡುಕಿದಳು. ಆ ಪ್ರಶ್ನೆ ಎಬ್ಬಿಸಿದ ಚರ್ಚೆಯ ಫಲ ನಿಧಾನವಾಗಿ ಗೋಡೆಗಳನ್ನು ತಲುಪಿತು. ಡ್ಯೂಸೆಲ್‌ಡಾರ್ಫ್‌ನ ಪ್ರಭುವಿನ ಸಂಗ್ರಹ 1806ರ ಹೊತ್ತಿಗೆ ಮ್ಯೂನಿಕ್ ಸೇರಿತ್ತು. ಆ ಮ್ಯೂನಿಕ್‌ನಲ್ಲೇ, ಆಲ್ಟೆ ಪಿನಾಕೊಟೆಕ್ ಮ್ಯೂಸಿಯಂನಲ್ಲಿ, 2024ರ ನವೆಂಬರಿನಲ್ಲಿ ರೇಚಲ್ ರಾಯ್ಶ್ ಒಬ್ಬಳಿಗೇ ಮೀಸಲಾದ ಮೊದಲ ದೊಡ್ಡ ಪ್ರದರ್ಶನ ತೆರೆಯಿತು. 2025ರಲ್ಲಿ ಅದು ಅಮೆರಿಕದ ಟೊಲೆಡೊ ಮತ್ತು ಬಾಸ್ಟನ್ ನಗರಗಳಿಗೂ ಹೋಯಿತು. ಚಿತ್ರಗಳ ಪಕ್ಕದಲ್ಲಿ ಗಿಡಗಳ, ಕೀಟಗಳ ಮಾದರಿಗಳನ್ನೂ ಇಡಲಾಗಿತ್ತು. ಆಕೆಯ ತಂದೆ ನೋಡಿದ್ದರೆ ಖುಷಿಪಡುತ್ತಿದ್ದ.

ಫ್ರೆಡರಿಕ್ 92 ವರ್ಷ ಬದುಕಿ 1731ರಲ್ಲಿ ಸತ್ತಿದ್ದ. ಗಂಡ ಯೂರಿಯಾನ್ 1745ರಲ್ಲಿ ಹೋದ. ಅಷ್ಟು ಹೊತ್ತಿಗೆ ರೇಚಲ್‌ಗೆ 81. ದೊಡ್ಡ ಕ್ಯಾನ್‌ವಾಸುಗಳು ಮುಗಿದಿದ್ದವು. ಮುಪ್ಪಿನಲ್ಲಿ ಆಕೆ ಬಿಡಿಸಿದ್ದು ಕಟ್ಟೆಯ ಮೇಲೆ ಮಲಗಿಸಿದ ಪುಟ್ಟ ಪುಟ್ಟ ಹೂಗೊಂಚಲುಗಳು, ಕೈಯಲ್ಲಿ ಹಿಡಿಯುವಷ್ಟೇ. ಆಕೆಯ ಕೊನೆಯ ಚಿತ್ರಗಳು 1747ರವು. ಅವುಗಳಲ್ಲಿ ಹೆಸರು ಮತ್ತು ವರ್ಷದ ಜೊತೆಗೆ ಇನ್ನೊಂದು ಅಂಕಿಯನ್ನೂ ಆಕೆ ಬರೆದಿದ್ದಾಳೆ: ವಯಸ್ಸು 83.